ಕಮ್ಯುನಿಟಿ ಕಾಲೇಜು ಎಂದರೆ ಸೀಟು ಸಿಗದವರ ಕಾಲೇಜೇ?

ಪ್ರಶ್ನೆ: ನಾವಿರುವುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಹೈಸ್ಕೂಲು ಮುಗಿಸುತ್ತಿರುವ ಮಗಳು ಮೊದಲು ಇಲ್ಲಿನ ಕಮ್ಯುನಿಟಿ ಕಾಲೇಜಾದ (ಎರಡು ವರ್ಷದ ಸರ್ಕಾರಿ ಕಾಲೇಜು) ಸಿಟಿ ಕಾಲೇಜಿಗೆ ಸೇರುತ್ತೇನೆ ಅನ್ನುತ್ತಾಳೆ. ಎಲ್ಲೂ ಸೀಟು ಸಿಗದವರು ಹೋಗುವ ಜಾಗವಲ್ಲವೇ ಅದು?

ಅಲ್ಲ. ನಿಮ್ಮ ಅನುಮಾನ ಎಲ್ಲಿಂದ ಬಂತೆಂದು ಮಾತ್ರ ಅರ್ಥವಾಗುತ್ತದೆ. ನಮ್ಮೂರಲ್ಲಿ ಕಟ್‌ಆಫ್ ಎಷ್ಟು ಮೇಲೋ ಕಾಲೇಜಿಗೆ ಅಷ್ಟು ಬೆಲೆ. ಕಟ್‌ಆಫೇ ಇಲ್ಲದ ಕಾಲೇಜು ಆ ತಕ್ಕಡಿಯಲ್ಲಿ ಹಗುರವಾಗಿ ಕಾಣುವುದು ಸಹಜ.

ಆದರೆ ಅಲ್ಲಿ ಕಟ್‌ಆಫ್ ಇಲ್ಲದಿರುವುದು ಬೇಕೆಂದೇ ಮಾಡಿದ ಏರ್ಪಾಡು. ಕ್ಯಾಲಿಫೋರ್ನಿಯಾದ 1960ರ ಮಾಸ್ಟರ್ ಪ್ಲಾನ್ ಉನ್ನತ ಶಿಕ್ಷಣವನ್ನು ಮೂರು ಪಾಲು ಮಾಡಿತು: ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಸ್ಟೇಟ್ ಯೂನಿವರ್ಸಿಟಿ, ಕಮ್ಯುನಿಟಿ ಕಾಲೇಜು. ಮೊದಲೆರಡಕ್ಕೆ ಅಂಕ ಬೇಕು, ಮೂರನೆಯದು ಎಲ್ಲರಿಗೂ. ಅಲ್ಲಿ ಎರಡು ವರ್ಷ ಓದಿ ಮೂರನೇ ವರ್ಷಕ್ಕೆ ಯೂನಿವರ್ಸಿಟಿ ಸೇರಿದರೆ ಪದವಿಯ ಮೇಲಿರುವುದು ಆ ಯೂನಿವರ್ಸಿಟಿಯ ಹೆಸರೇ.

ಸಿಟಿ ಕಾಲೇಜು ಅದಕ್ಕೂ ಹಳೆಯದು. 1935ರಲ್ಲಿ, ಆರ್ಥಿಕ ಕುಸಿತದ ನಡುವೆ, ಸ್ವಂತ ಕಟ್ಟಡವಿಲ್ಲದೆ ಶುರುವಾಯಿತು. ತರಗತಿಗಳು ಊರಿನ ಬೇರೆ ಬೇರೆ ಮೂಲೆಗಳಲ್ಲಿ ನಡೆಯುತ್ತಿದ್ದವು. ಹುಡುಗರು ಟ್ರಾಮ್ ಹತ್ತಿ ಒಂದರಿಂದ ಇನ್ನೊಂದಕ್ಕೆ ಓಡುತ್ತಿದ್ದರು. ಮೆಕ್ಸಿಕೋದ ಹೆಸರಾಂತ ಚಿತ್ರಕಾರ ಡಿಯೇಗೊ ರಿವೇರಾ 1940ರಲ್ಲಿ ಬರೆದ 74 ಅಡಿ ಉದ್ದದ ಭಿತ್ತಿಚಿತ್ರ ಈ ಕಾಲೇಜಿನ ಆಸ್ತಿ. ಅಂಥ ಕೃತಿಯನ್ನು ಯಾವ ಪರೀಕ್ಷೆಯೂ ಇಲ್ಲದೆ ಸೇರಿದವರ ಕಾಲೇಜು ಕಾಪಾಡಿಕೊಂಡು ಬಂದಿದೆಯೆಂಬುದು ನನಗೆ ತುಂಬ ಇಷ್ಟ.

ನರ್ಸಿಂಗ್, ಅಡುಗೆ ಮತ್ತು ಹೋಟೆಲ್ ನಿರ್ವಹಣೆಯಂಥ ಕೆಲಸ ಕೊಡಿಸುವ ಕೋರ್ಸುಗಳಿವೆ. ವಲಸೆ ಬಂದವರಿಗೆ ಉಚಿತ ಇಂಗ್ಲಿಷ್ ತರಗತಿಗಳಿವೆ. ಮಗಳು ಬೀಜಗಣಿತ ಕಲಿಯುವ ಕಾಲೇಜಿನಲ್ಲೇ ಅಜ್ಜಿ ಇಂಗ್ಲಿಷ್ ಕಲಿಯಬಹುದು.

ಖರ್ಚು? ಭಾರಿ ಬೆಲೆಯ ಆಸ್ತಿ ಮಾರಾಟದ ಮೇಲಿನ ತೆರಿಗೆ ಏರಿಸಲು ಊರಿನ ಮತದಾರರು 2016ರಲ್ಲಿ ಒಪ್ಪಿದರು. ಮರುವರ್ಷದಿಂದ ಸ್ಥಳೀಯ ನಿವಾಸಿಗಳಿಗೆ ಬೋಧನಾ ಶುಲ್ಕವಿಲ್ಲ. ಯಾರು ಅರ್ಹರು ಎಂಬುದನ್ನು ಕಾಲೇಜಿನಲ್ಲೇ ಕೇಳಿ. ಪುಸ್ತಕ, ಓಡಾಟದ ಖರ್ಚು ನಿಮ್ಮದೇ.

ಕಷ್ಟಕಾಲವನ್ನೂ ಹೇಳಬೇಕು. 2013ರಲ್ಲಿ ಮಾನ್ಯತೆ ರದ್ದುಪಡಿಸುವ ನಿರ್ಧಾರ ಹೊರಬಿದ್ದು ಬಹಳ ವಿದ್ಯಾರ್ಥಿಗಳು ಬಿಟ್ಟುಹೋದರು. ಆದರೆ ಮಾನ್ಯತೆ ಒಂದು ದಿನವೂ ತಪ್ಪಲಿಲ್ಲ. 2017ರಲ್ಲಿ ಅದನ್ನು ಪೂರ್ತಿ ಏಳು ವರ್ಷಕ್ಕೆ ದೃಢಪಡಿಸಿದರು.

ನಿಜವಾದ ಅಪಾಯ ಬೇರೆ ಕಡೆ ಇದೆ: ತಪ್ಪು ವಿಷಯ ಆರಿಸಿಕೊಂಡು ಎರಡು ವರ್ಷ ನಾಲ್ಕಾಗುವುದು. ಡೇವಿಸ್, ಇರ್ವೈನ್ ಸೇರಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆರು ಕ್ಯಾಂಪಸ್‌ಗಳು ಕಮ್ಯುನಿಟಿ ಕಾಲೇಜಿನಲ್ಲಿ ನಿಗದಿತ ಅಂಕ ಪಡೆದವರಿಗೆ ಮುಂಚೆಯೇ ಸೀಟಿನ ಖಾತರಿ ಕೊಡುತ್ತವೆ, ಬರ್ಕ್ಲಿ ಕೊಡುವುದಿಲ್ಲ. ಆದ್ದರಿಂದ ಮೊದಲ ಸೆಮಿಸ್ಟರಿನಲ್ಲೇ ಮಗಳು ಕೌನ್ಸೆಲರ್ ಎದುರು ಕೂತು, ಮುಂದೆ ಯಾವ ಕ್ಯಾಂಪಸ್, ಯಾವ ವಿಷಯ ಎಂದು ಹೇಳಿ, ಯಾವ ಕೋರ್ಸು ಲೆಕ್ಕಕ್ಕೆ ಬರುತ್ತದೆಂದು ಬರೆಸಿಕೊಳ್ಳಲಿ.