ಓದುಗರ ಪ್ರಶ್ನೆ: ಓಸ್ಲೋಬ್‌ನ ಕಡಲಿಗೆ ಒಡೆಯರು ಯಾರು?

ಪ್ರಶ್ನೆ: ಫಿಲಿಪ್ಪೀನ್ಸ್‌ನ ಸೆಬು ದ್ವೀಪಕ್ಕೆ ಪ್ರವಾಸ ಹೋದವರು ಓಸ್ಲೋಬ್ ಎಂಬ ಊರಿನಲ್ಲಿ ತಿಮಿಂಗಿಲ ಶಾರ್ಕ್‌ಗಳ ಪಕ್ಕದಲ್ಲೇ ಈಜಿದ ವಿಡಿಯೊಗಳನ್ನು ಹಾಕುತ್ತಿರುತ್ತಾರೆ. ಅಷ್ಟು ದೊಡ್ಡ ವನ್ಯಜೀವಿಗೆ ದಿನವೂ ಆಹಾರ ಹಾಕಿ, ಅದರ ನಡುವೆ ಜನರನ್ನು ನೀರಿಗಿಳಿಸಲು ಅನುಮತಿ ಕೊಡುವವರು ಯಾರು? ದೇಶದ ಸರ್ಕಾರವೋ, ಊರಿನ ಆಡಳಿತವೋ?

ಉತ್ತರ: ಬಹುಮಟ್ಟಿಗೆ ಊರಿನ ಆಡಳಿತವೇ. ಫಿಲಿಪ್ಪೀನ್ಸ್‌ನ ಕಾನೂನು ಕರಾವಳಿಯ ಪ್ರತಿಯೊಂದು ಮುನಿಸಿಪಾಲಿಟಿಗೂ ದಡದಿಂದ 15 ಕಿಲೋಮೀಟರ್‌ವರೆಗಿನ ಸಮುದ್ರವನ್ನು ವಹಿಸಿಕೊಟ್ಟಿದೆ. ಆ ನೀರಿನಲ್ಲಿ ಯಾರು ಬಲೆ ಬೀಸಬಹುದು, ಎಲ್ಲಿ ಬೀಸಬಾರದು, ಪ್ರವಾಸಿಗರಿಂದ ಎಷ್ಟು ಶುಲ್ಕ ಪಡೆಯಬೇಕು ಎಂಬುದನ್ನೆಲ್ಲ ರಾಷ್ಟ್ರೀಯ ಕಾನೂನಿನ ಚೌಕಟ್ಟಿನೊಳಗೆ ಆ ಊರಿನ ಸಭೆಯೇ ಉಪನಿಯಮ ಮಾಡಿ ತೀರ್ಮಾನಿಸುತ್ತದೆ. ಈ ಅಧಿಕಾರದಿಂದ ಆಗಬಹುದಾದ ಒಳಿತು ಕೆಡುಕು ಎರಡನ್ನೂ ಓಸ್ಲೋಬ್ ಕಂಡಿರುವುದರಿಂದ ಉತ್ತರವನ್ನು ಸ್ವಲ್ಪ ವಿಸ್ತರಿಸುತ್ತೇನೆ.

ಸೆಬು ಪ್ರಾಂತ್ಯದ ಆಗ್ನೇಯ ಅಂಚಿನಲ್ಲಿ, ಸೆಬು ನಗರದಿಂದ ದಕ್ಷಿಣಕ್ಕೆ ನೂರು ಕಿಲೋಮೀಟರ್‌ಗೂ ಆಚೆ ಇರುವ ಓಸ್ಲೋಬ್, 30 ಸಾವಿರದೊಳಗಿನ ಜನಸಂಖ್ಯೆಯ ಗ್ರಾಮೀಣ ಪ್ರದೇಶ. ಹವಳದ ಕಲ್ಲಿನಲ್ಲಿ ಕಟ್ಟಿದ ಸ್ಪೇನ್ ಕಾಲದ ಚರ್ಚ್, ಅದೇ ಆಳ್ವಿಕೆಯ ಕೊನೆಗಾಲದಲ್ಲಿ ಅರ್ಧಕ್ಕೇ ನಿಂತುಹೋದ ಸೈನಿಕರ ವಸತಿ, ದಡದುದ್ದಕ್ಕೂ ಸಾಗುವ ಒಂದು ಹೆದ್ದಾರಿ, ತೆಂಗು, ಮೆಕ್ಕೆಜೋಳ ಮತ್ತು ಮೀನುಗಾರಿಕೆ ಇಲ್ಲಿನ ನೋಟ. ಅಲ್ಲಿ ಮುನಿಸಿಪಾಲಿಟಿ ಎಂದರೆ ನಮ್ಮ ಪುರಸಭೆಯಂತೆ ಪೇಟೆಗೆ ಸೀಮಿತವಾದದ್ದಲ್ಲ, ಬರಾಂಗಾಯ್ ಎನ್ನುವ ಹಲವು ಹಳ್ಳಿಗಳೂ ಅದರೊಳಗೇ ಬರುತ್ತವೆ. ಮೂರು ವರ್ಷಕ್ಕೊಮ್ಮೆ ಜನರಿಂದಲೇ ನೇರವಾಗಿ ಆಯ್ಕೆಯಾಗುವ ಮೇಯರ್, ಉಪಮೇಯರ್ ಅಧ್ಯಕ್ಷತೆಯಲ್ಲಿ ಸೇರುವ ಸಭೆ, ಅದರಲ್ಲಿ ಎಂಟು ಮಂದಿ ಚುನಾಯಿತ ಸದಸ್ಯರು ಹಾಗೂ ಬರಾಂಗಾಯ್ ಮುಖ್ಯಸ್ಥರ ಮತ್ತು ಯುವಜನರ ಪ್ರತಿನಿಧಿಗಳು ಸೇರಿ ಊರನ್ನು ನಡೆಸುತ್ತಾರೆ.

1991ರ ಸ್ಥಳೀಯ ಆಡಳಿತ ಸಂಹಿತೆಯೂ 1998ರ ಮೀನುಗಾರಿಕಾ ಸಂಹಿತೆಯೂ ಇಂಥ ಸಭೆಗಳಿಗೆ ಕಡಲಿನ ಹೊಣೆಯನ್ನು ಕೊಟ್ಟವು. ಎದುರುಬದುರು ದಡಗಳ ಎರಡು ಮುನಿಸಿಪಾಲಿಟಿಗಳ ನಡುವೆ 30 ಕಿಲೋಮೀಟರ್‌ಗಿಂತ ಕಡಿಮೆ ನೀರಿದ್ದರೆ ನಟ್ಟನಡುವಿನ ಗೆರೆಯೇ ಗಡಿ. ಈ ವಲಯದಲ್ಲಿ ಮೊದಲ ಹಕ್ಕು ಮುನಿಸಿಪಾಲಿಟಿಯ ನೋಂದಣಿ ಪುಸ್ತಕದಲ್ಲಿ ಹೆಸರಿರುವ ಸ್ಥಳೀಯ ಮೀನುಗಾರರದು, ಅಂದರೆ ಮೂರು ಟನ್‌ವರೆಗಿನ ದೋಣಿಯಲ್ಲಿ, ಅಥವಾ ದೋಣಿಯೇ ಇಲ್ಲದೆ ದಡದಲ್ಲಿ ನಿಂತು ಮೀನು ಹಿಡಿಯುವವರದು. ಅದಕ್ಕಿಂತ ದೊಡ್ಡ ವಾಣಿಜ್ಯ ದೋಣಿಗಳಲ್ಲಿ ಸಣ್ಣ ಮತ್ತು ಮಧ್ಯಮ ಗಾತ್ರದವನ್ನು ಹತ್ತು ಕಿಲೋಮೀಟರ್‌ನಿಂದಾಚೆಗೆ, ಏಳು ಮಾರಿಗೆ (ಸುಮಾರು 13 ಮೀಟರ್) ಕಡಿಮೆಯಿಲ್ಲದ ಆಳದಲ್ಲಿ, ಊರಿನ ಸಭೆ ಇಚ್ಛೆಪಟ್ಟರೆ ಮಾತ್ರ ಬಿಟ್ಟುಕೊಳ್ಳಬಹುದು. ಮೀನುಗಾರರೂ ಇರುವ ಸಲಹಾ ಮಂಡಳಿಯೊಂದನ್ನು ಕೇಳಿ ಸಭೆಯು ಮೀನು ಹಿಡಿಯಬಾರದ ಆಶ್ರಯ ತಾಣಗಳನ್ನು ಗುರುತಿಸಬಹುದು. ಕಾವಲಿಗೆ 'ಬಂತಾಯ್ ದಾಗತ್' ಎಂಬ ಕಡಲ ಕಾವಲು ಪಡೆ ಇರುತ್ತದೆ. ಎರಡೂ ಬದಿಗೆ ಬಿದಿರಿನ ಆಸರೆ ಕಟ್ಟಿದ ಸಣ್ಣ ದೋಣಿಯಲ್ಲಿ ರಾತ್ರಿ ಗಸ್ತು ತಿರುಗುವ ಇವರಲ್ಲಿ ಹೆಚ್ಚಿನವರು ಅದೇ ಊರಿನ ಮೀನುಗಾರರು. ಯಾವ ದೋಣಿ ಯಾರದೆಂದು ಅವರಿಗೆ ದೂರದಿಂದಲೇ ತಿಳಿಯುತ್ತದೆ, ಎಷ್ಟೋ ಸಲ ಆ ದೋಣಿ ಅವರ ನೆಂಟರದೇ ಆಗಿರುತ್ತದೆ.

ಈ ಕಾನೂನುಗಳು ಬರುವುದಕ್ಕೆ ಬಹಳ ಮೊದಲೇ ಓಸ್ಲೋಬ್ ಒಂದು ದೊಡ್ಡ ಪ್ರಯೋಗಕ್ಕೆ ಒಪ್ಪಿತ್ತು. ಅದರ ದಡಕ್ಕೆ ಸಮೀಪವಿರುವ ಸುಮಾರು 24 ಹೆಕ್ಟೇರಿನ ಸುಮಿಲೋನ್ ದ್ವೀಪದ ಪಶ್ಚಿಮ ಬದಿಯಲ್ಲಿ, ಹವಳದಿಬ್ಬದ ಕಾಲು ಭಾಗದಷ್ಟು ಜಾಗವನ್ನು 1974ರಲ್ಲಿ ಮೀನುಗಾರಿಕೆಗೆ ಪೂರ್ತಿಯಾಗಿ ಮುಚ್ಚಲಾಯಿತು. ಪಕ್ಕದ ನೆಗ್ರೋಸ್ ದ್ವೀಪದಲ್ಲಿರುವ ಸಿಲಿಮನ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಏಂಜೆಲ್ ಅಲ್ಕಾಲ ಮತ್ತು ಅವರ ಸಂಗಡಿಗರು ಇದಕ್ಕೆ ಬೆನ್ನೆಲುಬಾಗಿ ನಿಂತರು. ಫಿಲಿಪ್ಪೀನ್ಸ್‌ನಲ್ಲಿ ಮುನಿಸಿಪಾಲಿಟಿಯೊಂದು ಕಾಪಾಡಿದ ಮೊದಲ ಮೀನು ಆಶ್ರಯವೆಂದು ಇದನ್ನೇ ಗುರುತಿಸುತ್ತಾರೆ. ಹತ್ತು ವರ್ಷ ಕಾವಲು ನಡೆಯಿತು. ದಿಬ್ಬದ ಮುಕ್ಕಾಲು ಭಾಗದಲ್ಲಷ್ಟೇ ಮೀನು ಹಿಡಿಯಲು ಅವಕಾಶವಿದ್ದ ಆ ಕಾಲದ ಕೊನೆಯಲ್ಲಿ, ಒಂದು ಚದರ ಕಿಲೋಮೀಟರ್‌ಗೆ ವರ್ಷಕ್ಕೆ ಸುಮಾರು 37 ಟನ್ ಮೀನು ಸಿಗುತ್ತಿತ್ತು.

1984ರಲ್ಲಿ ಊರಿನ ರಾಜಕೀಯ ತಿರುಗಿತು. ಕಾವಲು ಸಡಿಲವಾಯಿತು, ಮುಚ್ಚಿದ್ದ ಭಾಗಕ್ಕೂ ಬಲೆಗಳು ಇಳಿದವು, ಸಿಡಿಮದ್ದು ಎಸೆದು ಮೀನು ಹಿಡಿಯುವವರೂ ಬಂದರು. ಬಲೆ ಬೀಸುವ ಜಾಗ ಹೆಚ್ಚಾದುದರಿಂದ ಸಿಗುವ ಮೀನೂ ಹೆಚ್ಚುತ್ತದೆಂದು ಎಣಿಸುವುದು ಸಹಜ. ಆದರೆ 1985–86ರ ಹೊತ್ತಿಗೆ ಇಡೀ ದಿಬ್ಬದ ಇಳುವರಿ ಚದರ ಕಿಲೋಮೀಟರ್‌ಗೆ ಸುಮಾರು 20 ಟನ್ನಿಗೆ ಇಳಿದಿತ್ತು. ಮುಚ್ಚಿದ್ದ ಭಾಗದಲ್ಲಿ ಬೆಳೆದ ಮೀನುಗಳು ಹೊರಗಿನ ಭಾಗಕ್ಕೆ ಹರಿದುಬಂದು ಮೀನುಗಾರರ ಬುಟ್ಟಿ ತುಂಬಿಸುತ್ತಿದ್ದವು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಅಂದಿನವರೆಗೆ ಇರಲಿಲ್ಲ. ಅಲ್ಕಾಲ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿ ಗ್ಯಾರಿ ರಸ್ ಈ ಲೆಕ್ಕವನ್ನು 1990ರಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಅನೇಕ ಕಡೆ ಮೀನು ಆಶ್ರಯಗಳ ಪರವಾಗಿ ವಾದಿಸುವವರು ಸುಮಿಲೋನ್ ಹೆಸರನ್ನು ಎತ್ತತೊಡಗಿದರು. ಅಲ್ಕಾಲರಿಗೆ 1992ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಆ ಪಾಠಕ್ಕಾಗಿ ಓಸ್ಲೋಬ್‌ನ ಬಡ ಮೀನುಗಾರರು ತೆತ್ತ ಬೆಲೆಯನ್ನು ನೆನೆದಾಗಲೆಲ್ಲ ನನಗೆ ನೋವಾಗುತ್ತದೆ, ಏಕೆಂದರೆ ಅವರ ಸಂಪಾದನೆ ಕುಸಿದದ್ದು ಅವರದೇ ಊರಿನ ಸಭೆಯ ಕಣ್ಣೆದುರಿನಲ್ಲಿ.

ಈಗ ತಿಮಿಂಗಿಲ ಶಾರ್ಕ್‌ಗಳಿಗೆ ಬರೋಣ. ಇದು ಜಗತ್ತಿನ ಅತಿ ದೊಡ್ಡ ಮೀನು, ಆದರೂ ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳನ್ನು ಮತ್ತು ಸಣ್ಣ ಸಿಗಡಿಗಳನ್ನು ಸೋಸಿ ತಿನ್ನುವ ಸಾಧು ಪ್ರಾಣಿ. ಇದನ್ನು ಹಿಡಿಯುವುದನ್ನು ಫಿಲಿಪ್ಪೀನ್ಸ್ 1998ರಲ್ಲಿ ನಿಷೇಧಿಸಿತು. ಭಾರತದಲ್ಲಿ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಶಿಷ್ಟದಲ್ಲಿದೆ. ಓಸ್ಲೋಬ್‌ನ ತಾನ್-ಆವಾನ್ ಎಂಬ ಬರಾಂಗಾಯ್‌ನಲ್ಲಿ ಮೀನುಗಾರರು 'ಉಯಾಪ್' ಎಂಬ ಪುಟ್ಟ ಸಿಗಡಿಯನ್ನು ತೋರಿಸಿ ಶಾರ್ಕ್‌ಗಳನ್ನು ದಡದ ಬಳಿಗೆ ಕರೆಯುವುದು 2011ರ ಕೊನೆಯ ಹೊತ್ತಿಗೆ ಪ್ರವಾಸೋದ್ಯಮವಾಗಿ ಬೆಳೆಯಿತು. 2012ರಲ್ಲಿ ಮುನಿಸಿಪಾಲಿಟಿ ಅದಕ್ಕೆ ಉಪನಿಯಮ ಮಾಡಿತು. ಬೆಳಗಿನ ಹೊತ್ತು ಮಾತ್ರ ನಡೆಯುವ ಈ ವ್ಯವಹಾರದಲ್ಲಿ ಒಬ್ಬ ಮೀನುಗಾರ ಪುಟ್ಟ ದೋಣಿಯಲ್ಲಿ ಕುಳಿತು ಹುಟ್ಟು ಹಾಕುತ್ತ, ಒಂದೊಂದೇ ಹಿಡಿ ಸಿಗಡಿಯನ್ನು ನೀರಿಗೆ ಬಿಡುತ್ತ ಮುಂದೆ ಸಾಗುತ್ತಾನೆ. ಶಾರ್ಕ್ ಬಾಯಿ ತೆರೆದುಕೊಂಡು ದೋಣಿಯ ಬೆನ್ನು ಹಿಡಿಯುತ್ತದೆ. ಪ್ರವಾಸಿಗರು ಬದಿಯಲ್ಲಿ ಸಾಲಾಗಿ ನಿಂತ ದೋಣಿಗಳ ಬಿದಿರನ್ನು ಹಿಡಿದು ನೀರಿನೊಳಗೆ ಮುಖವಿಟ್ಟು ನೋಡುತ್ತಾರೆ. ಶಾರ್ಕನ್ನು ಮುಟ್ಟಬಾರದು, ಸನ್‌ಸ್ಕ್ರೀನ್ ಹಚ್ಚಿಕೊಂಡು ಇಳಿಯಬಾರದು ಎಂಬ ನಿಯಮಗಳಿವೆ. ಸಂಗ್ರಹವಾದ ಶುಲ್ಕದಲ್ಲಿ ಶೇ 60 ಮೀನುಗಾರರ ಸಂಘಕ್ಕೆ, ಶೇ 30 ಮುನಿಸಿಪಾಲಿಟಿಗೆ, ಶೇ 10 ಬರಾಂಗಾಯ್‌ಗೆ ಎಂದು ಹಂಚಿಕೆಯಾಯಿತು.

ಈ ಹಣದಿಂದ ಮಕ್ಕಳ ಓದು ನಡೆದಿದೆ, ಮನೆಗಳು ಗಟ್ಟಿಯಾಗಿವೆ, ಸೋತ ಹವಳದಿಬ್ಬಗಳ ಮೇಲೆ ಬಲೆ ಬೀಸುವ ಒತ್ತಡವೂ ಇಳಿದಿದೆ ಎನ್ನುವವರ ಮಾತಿನಲ್ಲಿ ಸತ್ಯವಿದೆ. ಆದರೆ ವಲಸೆ ಹೋಗಬೇಕಾದ ಕೆಲವು ಶಾರ್ಕ್‌ಗಳು ಆಹಾರದ ಆಸೆಗೆ ಅಲ್ಲೇ ಬಹುಕಾಲ ಉಳಿಯುತ್ತಿರುವುದನ್ನು, ದೋಣಿಗಳಿಗೆ ತಾಗಿ ಅವುಗಳ ಮೈಮೇಲೆ ಗಾಯವಾಗಿರುವುದನ್ನು, ತಾನ್-ಆವಾನ್‌ನ ಹವಳ ಕ್ಷೀಣಿಸಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಕೈಯಾರೆ ಉಣಿಸುವುದನ್ನು ಹಂತಹಂತವಾಗಿ ನಿಲ್ಲಿಸಬೇಕು. ಆದರೆ ಅದನ್ನು ಮನಿಲಾದಿಂದ ಬಂದ ಒಂದು ಆದೇಶ ಮಾಡಿ ಮುಗಿಸಲಾರದು, ಅಲ್ಲಿಯವರೆಗೆ ಆ ಆದಾಯವನ್ನೇ ನಂಬಿದ ಕುಟುಂಬಗಳ ಒಪ್ಪಿಗೆಯಿಂದಲೇ ಆಗಬೇಕು.

ಊರಿನ ಸಭೆ ಆ ಆದಾಯಕ್ಕೆ ಏಕೆ ಅಂಟಿಕೊಳ್ಳುತ್ತದೆ ಎಂಬುದಕ್ಕೆ ಇನ್ನೊಂದು ಕಾರಣ ಹಣಕಾಸಿನ ಸೂತ್ರದಲ್ಲಿದೆ. ರಾಷ್ಟ್ರೀಯ ತೆರಿಗೆಯ ಶೇ 40 ಭಾಗ ಸ್ಥಳೀಯ ಆಡಳಿತಗಳಿಗೆ ಸಲ್ಲುತ್ತದೆ, ಅದರಲ್ಲಿ ಶೇ 34 ಮುನಿಸಿಪಾಲಿಟಿಗಳ ಪಾಲು. ಈ ಪಾಲನ್ನು ಮುನಿಸಿಪಾಲಿಟಿಗಳ ನಡುವೆ ಹಂಚುವಾಗ ಅರ್ಧ ಜನಸಂಖ್ಯೆಯನ್ನೂ ಕಾಲುಭಾಗ ಭೂವಿಸ್ತೀರ್ಣವನ್ನೂ ನೋಡುತ್ತಾರೆ, ಉಳಿದ ಕಾಲುಭಾಗವನ್ನು ಎಲ್ಲರಿಗೂ ಸಮನಾಗಿ ಕೊಡುತ್ತಾರೆ. ಲೆಕ್ಕಕ್ಕೆ ಬರುವುದು ನೆಲ ಮಾತ್ರ, ನೀರಲ್ಲ. ನೆಲಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಸಮುದ್ರವನ್ನು ಕಾಯಬೇಕಾದ ದ್ವೀಪದ ಊರುಗಳಿಗೆ ಕಾವಲು ದೋಣಿಯ ಡೀಸೆಲ್‌ಗೂ ಬೇರೆ ದಾರಿ ಹುಡುಕಬೇಕಾಗುತ್ತದೆ. ಇದು ಅನ್ಯಾಯವೆಂದೇ ನನಗೆ ತೋರುತ್ತದೆ.

ನಮ್ಮ ಕರಾವಳಿಯ ಓದುಗರಿಗೆ ಇಲ್ಲಿರುವ ವ್ಯತ್ಯಾಸ ಕೂಡಲೇ ಹೊಳೆಯಬಹುದು. ಮಲ್ಪೆಯಲ್ಲಾಗಲಿ ಗಂಗೊಳ್ಳಿಯಲ್ಲಾಗಲಿ ಸ್ಥಳೀಯ ಸಂಸ್ಥೆಗೆ ಎದುರಿನ ಕಡಲಿನ ಮೀನುಗಾರಿಕೆಯ ಮೇಲೆ ಇಂಥ ಅಧಿಕಾರವಿಲ್ಲ. 12 ನಾಟಿಕಲ್ ಮೈಲಿಯವರೆಗಿನ ಮೀನುಗಾರಿಕೆ 1986ರ ರಾಜ್ಯ ಕಾಯ್ದೆಯಡಿ ಬರುತ್ತದೆ, ಅದರಾಚೆಗಿನದು ಕೇಂದ್ರದ್ದು. 1970ರ ದಶಕದ ಮಧ್ಯದಲ್ಲಿ ಮೀನಿನ ಹಿಂಡನ್ನೇ ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಬಂದಾಗ ದಡದಿಂದ ಬಲೆ ಎಳೆಯುತ್ತಿದ್ದ ರಂಪಣಿಯವರು ಅಹವಾಲು ಹೇಳಲು ಹೋಗಬೇಕಾದದ್ದು ಬೆಂಗಳೂರಿಗೆ.

ಓಸ್ಲೋಬ್‌ನಂಥ ಊರುಗಳ ಈ ಹಕ್ಕೂ ಪ್ರಶ್ನೆಗೊಳಗಾಗಿದೆ. ವಾಣಿಜ್ಯ ಮೀನುಗಾರಿಕಾ ಕಂಪನಿಯೊಂದು ಹೂಡಿದ ದಾವೆಯಲ್ಲಿ, ಸಣ್ಣ ಮೀನುಗಾರರಿಗಿರುವ ಆದ್ಯತೆ ಸಂವಿಧಾನಬಾಹಿರವೆಂದು ಕೆಳ ನ್ಯಾಯಾಲಯ 2023ರ ಡಿಸೆಂಬರ್‌ನಲ್ಲಿ ಹೇಳಿತು. 2024ರಲ್ಲಿ ಸುಪ್ರೀಂ ಕೋರ್ಟಿನ ಒಂದು ಪೀಠ ಸರ್ಕಾರದ ಮೇಲ್ಮನವಿಯನ್ನು ತಳ್ಳಿಹಾಕಿದಾಗ ಮೀನುಗಾರ ಸಂಘಟನೆಗಳು ಅದನ್ನು ಪ್ರಶ್ನಿಸಿ ಮತ್ತೆ ನ್ಯಾಯಾಲಯದ ಮೊರೆ ಹೊಕ್ಕವು. ಕೆಳ ನ್ಯಾಯಾಲಯದ ತೀರ್ಪಿನಂತೆ 15 ಕಿಲೋಮೀಟರ್ ಒಳಗೂ ಏಳು ಮಾರು ಆಳವಿದ್ದಲ್ಲಿ ದೊಡ್ಡ ದೋಣಿಗಳು ಬರಬಹುದು. ಫಿಲಿಪ್ಪೀನ್ಸ್‌ನ ಅನೇಕ ದ್ವೀಪಗಳ ಸುತ್ತ ಸಮುದ್ರದ ತಳ ಕಡಿದಾಗಿ ಇಳಿಯುವುದರಿಂದ ಅಷ್ಟು ಆಳ ದಡದಿಂದ ಕೆಲವೇ ನೂರು ಮೀಟರ್ ದೂರದಲ್ಲಿ ಸಿಗುತ್ತದೆ. ಅಂಥ ಕಡೆ ಊರಿನ ಸಭೆ ಉಪನಿಯಮದಿಂದ ಕಾಯಬಹುದಾದ ನೀರು ಹವಳದಿಬ್ಬದ ಅಂಚಿನಲ್ಲೇ ಮುಗಿದುಹೋಗುತ್ತದೆ.