ಬ್ಯಾಂಡ್ ಒಡೆಯಿತು, ಕರಾರು ಉಳಿಯಿತು

ಸಂಗೀತಗಾರರ ಕರಾರುಪತ್ರ ಓದುವುದು ನನ್ನ ವಕೀಲಿಯ ಒಂದು ಭಾಗ. ಬ್ಯಾಂಡಿನ ಹುಡುಗರು ಬಂದು ಕೂತರೆ ರಾಯಲ್ಟಿ ಎಷ್ಟು ಎಂಬಲ್ಲಿಂದಲೇ ಮಾತು ಶುರು. ನಾನು ಹುಡುಕುವುದು ಬೇರೆ ಕಲಂ: ಒಬ್ಬ ಬಿಟ್ಟುಹೋದರೆ ಅವನ ಗತಿಯೇನು? ಅದಕ್ಕೆ ಯಾಕಿಷ್ಟು ತಲೆಕೆಡಿಸಿಕೊಳ್ಳಬೇಕು ಅನ್ನುವವರಿಗೆ ಅಮೆರಿಕದ ಇಂಟರ್‌ನ್ಯಾಷನಲ್ ಸಬ್‌ಮರೀನ್ ಬ್ಯಾಂಡಿನ ಕಥೆ ಹೇಳುತ್ತೇನೆ.

ಹಾರ್ವರ್ಡ್‌ನಲ್ಲಿ ಹೆಚ್ಚು ದಿನ ನಿಲ್ಲದ ಗ್ರಾಮ್ ಪಾರ್ಸನ್ಸ್ ಎಂಬ ಹಾಡುಗಾರ ಕಟ್ಟಿಕೊಂಡ ತಂಡ ಅದು. ಬಾಸ್ಟನ್ ಕಡೆ ಹುಟ್ಟಿ, ನ್ಯೂಯಾರ್ಕಿನಲ್ಲಿ ಕೆಲಕಾಲ ಇದ್ದು, 1967ರಲ್ಲಿ ಲಾಸ್ ಏಂಜಲೀಸ್ ಸೇರಿತು. ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತ, ಹಳೆ ತಲೆಗಳ ಹಾಡು ಎಂದು ಉದ್ದ ಕೂದಲಿನ ರಾಕ್ ಹುಡುಗರು ಮೂಗು ಮುರಿಯುತ್ತಿದ್ದ ಕಾಲದಲ್ಲಿ ಇವರು ಕಂಟ್ರಿಯ ಗುರುತಾದ ಪೆಡಲ್ ಸ್ಟೀಲ್ ಗಿಟಾರ್ ಇಟ್ಟುಕೊಂಡು ರೆಕಾರ್ಡ್ ಮಾಡಿದರು. ಲೀ ಹೇಜಲ್‌ವುಡ್‌ನ ಎಲ್‌ಎಚ್‌ಐ ರೆಕಾರ್ಡ್ ಕಂಪನಿಯ ಜೊತೆ ಸಹಿ ಆಗಿತ್ತು. ‘ಸೇಫ್ ಅಟ್ ಹೋಮ್’ ಎಂಬ ಆ ಒಂದೇ ಆಲ್ಬಂ 1968ರಲ್ಲಿ ಅಂಗಡಿಗೆ ಬರುವಷ್ಟರಲ್ಲಿ ಬ್ಯಾಂಡೇ ಇರಲಿಲ್ಲ. ಪಾರ್ಸನ್ಸ್ ಆಗಲೇ ‘ದಿ ಬರ್ಡ್ಸ್’ ಎಂಬ ಹೆಸರಾಂತ ರಾಕ್ ತಂಡ ಸೇರಿದ್ದ.

ಸಹಿ ಮಾತ್ರ ಹಳೆಯ ಕಂಪನಿಯಲ್ಲೇ ಇತ್ತು. ಬರ್ಡ್ಸ್‌ನ ‘ಸ್ವೀಟ್‌ಹಾರ್ಟ್ ಆಫ್ ದ ರೋಡಿಯೊ’ ಆಲ್ಬಂ ತಯಾರಾಗುವಾಗ ಪಾರ್ಸನ್ಸ್ ಇನ್ನೂ ತನ್ನ ಕರಾರಿನಲ್ಲಿದ್ದಾನೆ ಎಂದು ಹೇಜಲ್‌ವುಡ್ ತಗಾದೆ ತೆಗೆದ. ಕೆಲವು ಹಾಡುಗಳಲ್ಲಿ ಪಾರ್ಸನ್ಸ್ ದನಿ ತೆಗೆದು ಬೇರೆಯವರು ಹಾಡಿದರು. ತಗಾದೆಯೊಂದೇ ಕಾರಣವಲ್ಲ, ತಂಡದೊಳಗಿನ ಮೇಲಾಟವೂ ಇತ್ತು ಎಂಬ ಮಾತಿದೆ; ಇರಬಹುದು. ಅಳಿಸಿದ ದನಿಯ ಮೂಲ ರೆಕಾರ್ಡಿಂಗ್ ಕೇಳಲು ಸಿಕ್ಕಿದ್ದು 1990ರಲ್ಲಿ. 1973ರಲ್ಲೇ, 26ನೇ ವಯಸ್ಸಿಗೆ, ಪಾರ್ಸನ್ಸ್ ತೀರಿಹೋಗಿದ್ದ.

ಬ್ಯಾಂಡ್ ಒಡೆದರೆ ಕರಾರೂ ಸಾಯುತ್ತದೆ ಎಂಬುದು ಹುಡುಗರ ನಂಬಿಕೆ. ಆದರೆ ‘ಒಟ್ಟಾಗಿಯೂ, ಪ್ರತ್ಯೇಕವಾಗಿಯೂ’ ಎಂಬ ಎರಡು ಪದ ಸೇರಿಸಿಬಿಟ್ಟರೆ ಪ್ರತಿಯೊಬ್ಬನೂ ಸಿಕ್ಕಿಬೀಳಬಹುದು. ಹೊರಹೋಗುವವನು ಒಂಟಿಯಾಗಿ ಹಾಡಿದರೂ ಕಂಪನಿಗೇ ಹಕ್ಕು ಎನ್ನುವುದನ್ನು ‘ಲೀವಿಂಗ್ ಮೆಂಬರ್’ ಕಲಂ ಎನ್ನುತ್ತಾರೆ. ಅದನ್ನು ತೆಗೆಸಲಾಗದಿದ್ದರೆ ಅವಧಿಯನ್ನಾದರೂ ಇಳಿಸಿಕೊಳ್ಳಿ ಎನ್ನುತ್ತೇನೆ.

ಹೆಸರಿನದು ಇನ್ನೊಂದು ತಮಾಷೆ. ಸಬ್‌ಮರೀನ್ ಬ್ಯಾಂಡ್ ಬಿಟ್ಟ ಇಯಾನ್ ಡನ್‌ಲಪ್ ಗೆಳೆಯರ ಜೊತೆ ‘ಫ್ಲೈಯಿಂಗ್ ಬರಿಟೊ ಬ್ರದರ್ಸ್’ ಎಂದು ಹೆಸರಿಟ್ಟುಕೊಂಡು ನುಡಿಸುತ್ತಿದ್ದ. ಪಾರ್ಸನ್ಸ್ 1968ರಲ್ಲಿ ಬರ್ಡ್ಸ್ ಬಿಟ್ಟು ಹೊಸ ತಂಡ ಕಟ್ಟಿದಾಗ ಅದೇ ಹೆಸರು ಎತ್ತಿಕೊಂಡ. ಇಂದು ಆ ಹೆಸರಿನಿಂದ ಜನಕ್ಕೆ ನೆನಪಾಗುವುದು ಅವನೇ. ಇಷ್ಟು ಹೇಳಿ ಮುಗಿಸಿದ ಮೇಲೆ, ನಿಮ್ಮ ಬ್ಯಾಂಡಿನ ಹೆಸರು ಯಾರ ಹೆಸರಲ್ಲಿ ನೋಂದಣಿಯಾಗಿದೆ ಎಂದು ಕೇಳಿದರೆ, ಎದುರಿಗೆ ಕೂತ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.