ಪ್ರಾಕ್ಸಿ ದಾಟಿದ ಮೇಲೆ ಅಕ್ಷರ ಕೆಟ್ಟರೆ

ಅಪ್ಲಿಕೇಶನ್ ಸರ್ವರ್‌ಗೆ ನೇರವಾಗಿ ಹೋದರೆ ಪುಟ ಚೆನ್ನಾಗಿಯೇ ಕಾಣುತ್ತದೆ. ಅದೇ ಪುಟವನ್ನು ಪ್ರಾಕ್ಸಿ (ಬ್ರೌಸರ್ ಮತ್ತು ಅಪ್ಲಿಕೇಶನ್ ನಡುವೆ ಕೂತು ಪುಟ ದಾಟಿಸುವ ಸರ್ವರ್) ಮೂಲಕ ತೆರೆದರೆ ಕನ್ನಡ ಇರಬೇಕಾದ ಕಡೆಯೆಲ್ಲ ಏನೇನೋ ಚಿಹ್ನೆಗಳು. ಪ್ರಾಕ್ಸಿಯೇ ಅಕ್ಷರ ಕೆಡಿಸಿತು ಅಂತ ಎಲ್ಲರೂ ಬೈಯುತ್ತಾರೆ. ಆದರೆ ಬಹಳಷ್ಟು ಸಲ ಅದು ಅಕ್ಷರಗಳನ್ನು ಮುಟ್ಟಿರುವುದೇ ಇಲ್ಲ. ಅವುಗಳ ಜೊತೆ ಹೋಗುವ, ಪುಟವನ್ನು ಹೇಗೆ ಓದಬೇಕು ಅಂತ ತಿಳಿಸುವ ಹೆಡರ್ ಬದಲಾಗಿರುತ್ತದೆ, ಅಷ್ಟೇ.

ನೆಟ್‌ವರ್ಕ್‌ನಲ್ಲಿ ಓಡಾಡುವುದೆಲ್ಲ ಬೈಟ್, ಅಂದರೆ 0ರಿಂದ 255ರೊಳಗಿನ ಒಂದೊಂದು ಸಂಖ್ಯೆ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ, ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ ಅಂದರೆ 224, 178, 149 ಎಂಬ ಮೂರು ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಸಾಕು, ಅದೂ ಹಳೆಯ ಪದ್ಧತಿಗಳಲ್ಲಿ ಇದ್ದದ್ದೇ. ಹಾಗಾಗಿ ಬರೀ ಇಂಗ್ಲಿಷ್‌ನಲ್ಲಿ ಟೆಸ್ಟ್ ಮಾಡಿದವರಿಗೆ ಈ ತೊಂದರೆ ಇದೆ ಅಂತಲೇ ಗೊತ್ತಾಗುವುದಿಲ್ಲ.

ಈಗ ಬ್ರೌಸರ್‌ಗೆ ‘ಇದು ಲ್ಯಾಟಿನ್-1’ (ಯುರೋಪಿನ ಭಾಷೆಗಳಿಗಿದ್ದ ಹಳೆಯ ಪದ್ಧತಿ) ಅಂತ ಹೇಳಿಬಿಟ್ಟರೆ, ಅದು ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂದುಕೊಂಡು ಓದುತ್ತದೆ. ‘ಕ’ ಇದ್ದ ಕಡೆ ತಲೆ ಮೇಲೆ ಓರೆ ಗೆರೆ ಇರುವ ಇಂಗ್ಲಿಷ್‌ನ ಸಣ್ಣ ‘ಎ’, ಪಕ್ಕದಲ್ಲಿ ಮೇಲಕ್ಕೇರಿದ ಪುಟ್ಟ 2, ಆಮೇಲೆ ಒಂದು ದಪ್ಪ ಚುಕ್ಕೆ ಕಾಣುತ್ತವೆ. ಕನ್ನಡದ ಎಲ್ಲ ಅಕ್ಷರಗಳೂ ಯುಟಿಎಫ್-8ರಲ್ಲಿ ಶುರುವಾಗುವುದು 224, 178 ಅಥವಾ 224, 179ರಿಂದ. 179 ಅಂದರೆ ಪುಟ್ಟ 3. ಪುಟದ ತುಂಬಾ ಓರೆ ಗೆರೆಯ ‘ಎ’, ಅದರ ಬೆನ್ನಿಗೇ ಪುಟ್ಟ 2, 3 ಕಂಡರೆ ಖುಷಿಪಡಿ. ಇದು ಹೆಚ್ಚಾಗಿ ಓದುವ ಕಡೆಯ ಎಡವಟ್ಟು, ಪಠ್ಯ ಇನ್ನೂ ಕೈತಪ್ಪಿಲ್ಲ.

ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆ ಬಂದರೆ ಲೆಕ್ಕ ಬೇರೆ. ಯುಟಿಎಫ್-8 ಅಂತ ಓದಲು ಹೋದಾಗ ಅರ್ಥವಾಗದ ಬೈಟ್ ಸಿಕ್ಕಿದೆ ಅಂತ. ಬರೀ ಸಾದಾ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಇದೆಯಾ? ಹಾಗಾದರೆ ಕನ್ನಡವೇ ಇಲ್ಲದ ಯಾವುದೋ ಚಾರ್‌ಸೆಟ್‌ಗೆ (ಯುಟಿಎಫ್-8, ಲ್ಯಾಟಿನ್-1ರಂಥ ಅಕ್ಷರ ಪದ್ಧತಿಗೆ) ಬರೆಯಲು ಹೋಗಿ ಯಾರೋ ಅಕ್ಷರಗಳನ್ನು ಎಸೆದಿದ್ದಾರೆ. ಅವು ವಾಪಸ್ ಬರುವುದಿಲ್ಲ. ಪ್ರಾಕ್ಸಿ ಬಿಟ್ಟು ಡೇಟಾಬೇಸ್ ಕನೆಕ್ಷನ್ ಕಡೆ ನೋಡಿ.

ಹೆಡರ್‌ಗೆ ಬರೋಣ. ಪುಟದೊಳಗೇ ಅದರ ವಿವರ ಹೇಳುವ ಮೆಟಾ ಟ್ಯಾಗ್‌ನಲ್ಲಿ ಯುಟಿಎಫ್-8 ಅಂತ ಬರೆದಿದ್ದೇವಲ್ಲ, ಇನ್ನೇನು ಅಂತ ತುಂಬಾ ಜನ ಕೇಳುತ್ತಾರೆ. ಬಂದದ್ದು ಯಾವ ಬಗೆಯದು ಅಂತ ಹೇಳುವ ಕಂಟೆಂಟ್-ಟೈಪ್ ಹೆಡರ್‌ನಲ್ಲಿ ಚಾರ್‌ಸೆಟ್ ಇದ್ದರೆ ಬ್ರೌಸರ್ ಅದನ್ನೇ ನಂಬುತ್ತದೆ, ಮೆಟಾ ಟ್ಯಾಗ್ ಮಾತು ನಡೆಯುವುದಿಲ್ಲ. ಅಪ್ಲಿಕೇಶನ್ ಚಾರ್‌ಸೆಟ್ ಹೇಳದೆ ಉತ್ತರ ಕಳಿಸುತ್ತದೆ ಅಂದುಕೊಳ್ಳಿ. ನೇರವಾಗಿ ತೆರೆದಾಗ ಮೆಟಾ ಟ್ಯಾಗ್ ಕೈಹಿಡಿಯುತ್ತದೆ. ಮಧ್ಯೆ ಪ್ರಾಕ್ಸಿಯಾಗಿ ಕೂತ ಎಂಜಿನ್ಎಕ್ಸ್ ಅಥವಾ ಅಪಾಚೆ ವೆಬ್ ಸರ್ವರ್‌ನ ಕಾನ್ಫಿಗರೇಶನ್‌ನಲ್ಲಿ ಯಾವ ಕಾಲದಲ್ಲೋ ಯಾರೋ ಹಾಕಿದ ಡೀಫಾಲ್ಟ್ ಚಾರ್‌ಸೆಟ್ ಸಾಲು ಇದ್ದರೆ, ಪ್ರಾಕ್ಸಿ ಅದನ್ನು ಸುಮ್ನೆ ಅಂಟಿಸಿ ಕಳಿಸಬಹುದು. ಅಲ್ಲಿಗೆ ಕಥೆ ಮುಗಿಯಿತು. 1999ರ ಎಚ್‌ಟಿಟಿಪಿ ನಿಯಮಗಳಲ್ಲಿ, ಏನೂ ಹೇಳದಿದ್ದರೆ ಪಠ್ಯವನ್ನು ಲ್ಯಾಟಿನ್-1 ಅಂತ ತಿಳಿಯಬೇಕು ಅಂತಲೇ ಇತ್ತು. 2014ರಲ್ಲಿ ಅದನ್ನು ತೆಗೆದರು, ಹಳೆಯ ಕಾನ್ಫಿಗರೇಶನ್ ಫೈಲ್‌ಗಳಿಗೆ ಅದನ್ನು ಹೇಳುವವರು ಯಾರು! ನನ್ನ ಕೇಳಿದರೆ ಅಪ್ಲಿಕೇಶನ್ನೇ ಚಾರ್‌ಸೆಟ್ ಬಾಯಿಬಿಟ್ಟು ಹೇಳಬೇಕು, ಪ್ರಾಕ್ಸಿ ಈ ವಿಷಯಕ್ಕೆ ತಲೆಹಾಕಬಾರದು.

ಇದನ್ನು ಬ್ರೌಸರ್‌ನಲ್ಲಿ ಕಣ್ಣಾಡಿಸಿ ಪತ್ತೆ ಮಾಡಲು ಹೋಗಬೇಡಿ, ಅದು ತನ್ನದೇ ಊಹೆ ಸೇರಿಸುತ್ತದೆ. ಕಮಾಂಡ್ ಲೈನ್‌ನಿಂದ ಪುಟ ತರಿಸುವ ಕರ್ಲ್ ತೆಗೆದುಕೊಳ್ಳಿ. ಅಪ್ಲಿಕೇಶನ್‌ನ ಪೋರ್ಟ್‌ಗೆ ನೇರವಾಗಿ ಒಮ್ಮೆ, ಪ್ರಾಕ್ಸಿ ಮೂಲಕ ಇನ್ನೊಮ್ಮೆ ಅದೇ ಪುಟ ಕೇಳಿ, ಎರಡೂ ಸಲ ಹೆಡರ್ ಸಮೇತ ಫೈಲ್‌ಗೆ ಇಳಿಸಿ. ಮೊದಲು ಹೆಡರ್ ಹೋಲಿಸಿ. ಆಮೇಲೆ ಹೆಕ್ಸ್ ಡಂಪ್‌ನಲ್ಲಿ (ಬೈಟ್‌ಗಳನ್ನು ಹದಿನಾರರ ಲೆಕ್ಕದ ಅಂಕಿಗಳಲ್ಲಿ ತೋರಿಸುವ ಪಟ್ಟಿ) ಬೈಟ್ ನೋಡಿ. ಬೈಟ್ ಒಂದೇ ಇದ್ದು ಹೆಡರ್ ಬೇರೆ ಇದ್ದರೆ ಕಾನ್ಫಿಗರೇಶನ್‌ನಲ್ಲಿ ಒಂದು ಸಾಲು ತಿದ್ದುವ ಕೆಲಸ.

ಬೈಟ್ ಕೂಡ ಬದಲಾಗಿದ್ದರೆ ಪ್ರಾಕ್ಸಿ ನಿಜವಾಗಿಯೂ ಒಳಗೆ ಕೈಹಾಕಿದೆ. ಪುಟದೊಳಗಿನ ಲಿಂಕ್‌ಗಳನ್ನು ತಿದ್ದಿ ಬರೆಯುವ ಮಾಡ್ಯೂಲ್‌ಗಳ ಮೇಲೆ ಕಣ್ಣಿಡಿ. ಬಂದ ಯುಟಿಎಫ್-8 ಪುಟವನ್ನು ಲ್ಯಾಟಿನ್-1 ಅಂತ ತಪ್ಪಾಗಿ ಓದಿ, ಮತ್ತೆ ಯುಟಿಎಫ್-8ಗೆ ಬರೆದರೆ ‘ಕ’ದ ಮೂರು ಬೈಟ್ ಆರಾಗುತ್ತದೆ: 195, 160, 194, 178, 194, 149. ತಮಾಷೆ ಅಂದರೆ ಈಗ ಹೆಡರ್ ಯುಟಿಎಫ್-8 ಅಂತ ಸರಿಯಾಗಿಯೇ ಇರುತ್ತದೆ, ಆದರೂ ಪರದೆ ಮೇಲೆ ಹೆಚ್ಚುಕಡಿಮೆ ಅದೇ ಕಸ. ಹೆಡರ್ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ಎರಡನೇ ಸಲದ ಎನ್‌ಕೋಡಿಂಗ್ ಎಲ್ಲಾಯಿತು ಅಂತ ಹುಡುಕಬೇಕು.

ಹೋಗುವ ದಾರಿಯಲ್ಲೂ ಹೀಗೇ ಆಗುತ್ತದೆ. ಯುಆರ್‌ಎಲ್‌ನಲ್ಲಿ ಕನ್ನಡ ಇದ್ದರೆ ಪ್ರತಿ ಬೈಟೂ ಶೇಕಡಾ ಚಿಹ್ನೆ ಹಾಕಿಕೊಂಡು ಹೋಗುತ್ತದೆ. ಪ್ರಾಕ್ಸಿ ಅದನ್ನು ಇನ್ನೊಂದು ಸಲ ಎನ್‌ಕೋಡ್ ಮಾಡಿದರೆ ಶೇಕಡಾ ಚಿಹ್ನೆಯ ಪಕ್ಕ 25 ಸೇರಿಕೊಳ್ಳುತ್ತದೆ. ಲಾಗ್‌ನಲ್ಲಿ ಆ 25 ಮತ್ತೆ ಮತ್ತೆ ಕಂಡರೆ ಕಾರಣ ಹೆಚ್ಚುಕಡಿಮೆ ಇದೇ. ಜಾವಾ ಅಪ್ಲಿಕೇಶನ್‌ಗಳನ್ನು ಓಡಿಸುವ ಟಾಮ್‌ಕ್ಯಾಟ್ ಸರ್ವರ್‌ನಲ್ಲಿ 7ರವರೆಗೆ ಯುಆರ್‌ಎಲ್ ಅನ್ನು ಲ್ಯಾಟಿನ್-1 ಅಂತ ಓದುವುದೇ ಡೀಫಾಲ್ಟ್ ಆಗಿತ್ತು, 8ರಲ್ಲಿ ಯುಟಿಎಫ್-8 ಆಯಿತು. ಹಳೆಯ ಸೆಟಪ್ ಇದ್ದರೆ ಪ್ರಾಕ್ಸಿಗಿಂತ ಮೊದಲು ಇದನ್ನು ನೋಡಿ.

ಎಲ್ಲ ಸರಿಮಾಡಿದ ಮೇಲೂ ಕಸ ಹಾಗೇ ಕಂಡರೆ ಗಾಬರಿಯಾಗಿ ಎಲ್ಲವನ್ನೂ ವಾಪಸ್ ತಿರುಗಿಸಬೇಡಿ. ಪ್ರಾಕ್ಸಿ ಪುಟವನ್ನು ಹೆಡರ್ ಸಮೇತ ಕ್ಯಾಶ್ ಮಾಡಿ, ಅಂದರೆ ನಕಲು ಎತ್ತಿಟ್ಟುಕೊಂಡು, ಹಳೆಯದನ್ನೇ ಕೊಡುತ್ತಿರಬಹುದು. ಬ್ರೌಸರ್‌ದೂ ಅದೇ ಕಥೆ. ಎರಡೂ ಕಡೆ ಕ್ಯಾಶ್ ಖಾಲಿ ಮಾಡಿ, ಅದೇ ಎರಡು ಕರ್ಲ್ ಮತ್ತೆ ಓಡಿಸಿ ನೋಡಿ.